ಕಣ್ಣಿನ ಕೋಣೆಯ ಕೆಂಪು ತಟ್ಟೆಗಳು

ಆ ಬೆಳಗ್ಗೆ ಆಪರೇಷನ್ ಕೋಣೆಯ ಮುಚ್ಚಿದ ಬಾಗಿಲ ಮುಂದೆ ನಾವು ಐದು ಜನ ಇದ್ದೆವು. ಕಣ್ಣಿನ ಡಾಕ್ಟರು ಪರಮೇಶ್ವರಪ್ಪ ತಮ್ಮ ಕನ್ನಡಕವನ್ನು ಪಂಚೆಯ ತುದಿಯಿಂದ ಒರೆಸುತ್ತಲೇ ನಿಂತಿದ್ದರು. ಆಸ್ಪತ್ರೆಯ ಅಧ್ಯಕ್ಷರಾದ ಮುರುಗೇಂದ್ರಪ್ಪನವರು ಸ್ನಾನ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದುಕೊಂಡು, ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಬರಿಗಾಲಲ್ಲಿ ಬಂದಿದ್ದರು. ಆಯಾ ದುರುಗಮ್ಮನ ಕೈಯಲ್ಲಿ ಫಿನಾಯಿಲ್ ಬಕೆಟ್ಟು. ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದವಳು ಗೋವಿನಕೋವಿಯ ಹಾಲಮ್ಮಜ್ಜಿ. ಐದನೆಯವನು ನಾನು, ಲ್ಯಾಬಿನ ಕೆಲಸಕ್ಕೆಂದು ಹೊಸದಾಗಿ ಬಂದಿದ್ದ ಸಂತೇಬೆನ್ನೂರಿನ ರುದ್ರೇಶ. ಒಳಗೆ ಫಾರ್ಮಲಿನ್ ಹೊಗೆ ಹಾಕಿದ್ದೆವು. ಬಾಗಿಲ ಸಂದಿಗೆಲ್ಲ ಕಾಗದ ಅಂಟಿಸಿದ್ದರೂ ಹೊಗೆ ಅದು ಹೇಗೋ ಹೊರಗೆ ನುಸುಳಿ ಐವರ ಕಣ್ಣಲ್ಲೂ ನೀರು ಸುರಿಯುತ್ತಿತ್ತು.

"ಕಣ್ಣಿನ ಆಸ್ಪತ್ರೇಲಿ ಮೊದ್ಲು ಅಳಿಸಿ ನೋಡ್ತಾರೇನ್ರಪ್ಪ? ಒಳಗೆ ನೀರೈತೋ ಇಲ್ವೋ ಅಂತ?" ಎಂದಳು ಹಾಲಮ್ಮಜ್ಜಿ.

"ಕ್ರಿಮಿ ಸಾಯ್ಲಿ ಅಂತ ಹೊಗೆ ಹಾಕೀವಿ ಅಜ್ಜಿ" ಎಂದರು ಡಾಕ್ಟರು.

"ಕ್ರಿಮಿ ಸಾಯ್ತಾವೋ ಬಿಡ್ತಾವೋ, ನಾನಂತೂ ಸತ್ತೆ."

ಇದೆಲ್ಲ ನಡೆದು ಎಷ್ಟೋ ವರ್ಷವಾಯಿತು. ಹೋದ ತಿಂಗಳು ಹೊನ್ನಾಳಿಯಲ್ಲಿ ನೆಂಟರೊಬ್ಬರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಪಡಸಾಲೆಯಲ್ಲಿ ನಡೆಯುತ್ತಿರುವಾಗ ಯಾವುದೋ ಬಾಗಿಲ ಕೆಳಗಿನಿಂದ ಅದೇ ವಾಸನೆ ಬಂತು. ಮೂಗಿನೊಳಗೆ ಸೂಜಿ ಆಡಿಸಿದ ಹಾಗೆ. ನಾನು ನೋಡಲು ಬಂದ ನೆಂಟರ ವಾರ್ಡು ದಾಟಿ ಎಷ್ಟೋ ಮುಂದೆ ಹೋಗಿದ್ದೆ. ತಲೆಯಲ್ಲಿ ನ್ಯಾಮತಿಯ ಆ ಚಳಿಗಾಲ ತುಂಬಿಕೊಂಡುಬಿಟ್ಟಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನ್ಯಾಮತಿ ಆಗಿನ್ನೂ ತಾಲೂಕು ಆಗಿರಲಿಲ್ಲ, ಹೊನ್ನಾಳಿ ತಾಲೂಕಿನ ಒಂದು ಹೋಬಳಿ. ಊರಿನ ನಾಲ್ಕಾರು ಅಡಿಕೆ ವ್ಯಾಪಾರದ ಮನೆಯವರು ಸೇರಿ ಒಂದು ಸಣ್ಣ ಕಣ್ಣಿನ ಆಸ್ಪತ್ರೆ ಕಟ್ಟಿಸಿದ್ದರು. ಅದರ ಆಪರೇಷನ್ ಕೋಣೆ ಮುರುಗೇಂದ್ರಪ್ಪನವರ ತಾಯಿಯ ಹೆಸರಿನದು. ಮಳೆ ನಿಂತು, ಜೋಳ ತೆನೆಗಟ್ಟಿ, ಮುಂಜಾನೆ ಇಬ್ಬನಿ ಬೀಳುವ ಹೊತ್ತಿಗೆ ಸುತ್ತಲ ಹಳ್ಳಿಗಳಿಂದ ಪೊರೆ ಬಂದವರು ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದರು. ಬೇಸಿಗೆಯಲ್ಲಿ ಕಣ್ಣು ಕೊಯ್ಸಿದರೆ ಬೆವರಿಗೆ ಕೊಳೆಯುತ್ತದೆ, ಮಳೆಗಾಲದಲ್ಲಿ ಕೊಯ್ಸಿದರೆ ಶೀತಕ್ಕೆ ಊದುತ್ತದೆ, ಚಳಿಗಾಲವೇ ಸರಿ ಎಂದು ಎಲ್ಲರ ನಂಬಿಕೆ. ಹಾಗಾಗಿ ಕಣ್ಣಿಗೂ ಒಂದು ಸುಗ್ಗಿ ಇತ್ತು. ಶಿವರಾತ್ರಿ ಕಳೆಯಿತೆಂದರೆ ಮುಗಿಯಿತು. ಮತ್ತೆ ಮುಂದಿನ ವರ್ಷವೇ.

ಆ ವರ್ಷ ಸುಗ್ಗಿ ಶುರುವಾದ ಸ್ವಲ್ಪ ದಿನಕ್ಕೇ ಎರಡು ಕಣ್ಣು ಕೀವಾದವು. ಒಂದು ಹೇಗೋ ಉಳಿಯಿತು, ಇನ್ನೊಂದು ಹೋಯಿತು. ಡಾಕ್ಟರು ಅವತ್ತೇ ಕತ್ತರಿ ಕೆಳಗಿಟ್ಟರು. ದಾವಣಗೆರೆಯಲ್ಲಿ ಲ್ಯಾಬಿನ ವಿದ್ಯೆ ಕಲಿತು, ಚನ್ನಗಿರಿಯ ಒಂದು ನರ್ಸಿಂಗ್ ಹೋಮಿನಲ್ಲಿ ಮೂತ್ರ ಪರೀಕ್ಷೆ ಮಾಡಿಕೊಂಡಿದ್ದ ನನ್ನನ್ನು ಯಾರೋ ಹೇಳಿದರೆಂದು ಕರೆಸಿಕೊಂಡರು. "ಕೋಣೆಯಲ್ಲಿ ಏನೈತೆ ಅಂತ ನೀನು ನೋಡಿ ಹೇಳು. ನೀನು ಹೇಳೋ ತನಕ ನಾನು ಯಾರ ಕಣ್ಣಿಗೂ ಕೈ ಹಾಕಾಕಿಲ್ಲ" ಎಂದರು. ನನಗೋ, ನೋಡುವುದು ಹೇಗೆಂದು ಗೊತ್ತಿತ್ತು. ನೋಡಿದ್ದಕ್ಕೆ ಅರ್ಥ ಏನು ಎಂದು ಹೇಳುವಷ್ಟು ಗೊತ್ತಿರಲಿಲ್ಲ.

ಬಂದ ರೋಗಿಗಳನ್ನೆಲ್ಲ ವಾಪಸು ಕಳಿಸಿದರು. ಹಾಲಮ್ಮಜ್ಜಿ ಮಾತ್ರ ಹೋಗಲಿಲ್ಲ. ಅವಳ ಎಡಗಣ್ಣು ಹರೆಯದಲ್ಲೇ ಹೋಗಿತ್ತು. ಕಣ್ಣು ಕೆಂಪಾಗಿದ್ದಕ್ಕೆ ಯಾರೋ ಯಾವುದೋ ಸೊಪ್ಪಿನ ರಸ ಹಿಂಡಿದ್ದರಂತೆ. ಉಳಿದದ್ದು ಬಲಗಣ್ಣು ಒಂದೇ. ಅದರ ಪೊರೆ ಬಲಿತು ಬೆಳ್ಳಗೆ ಮುತ್ತಿನ ಹಾಗೆ ಆಗಿತ್ತು. ಹೀಗೇ ಬಿಟ್ಟರೆ ಒಳಗೇ ಒಡೆದು, ನೋವು ಬಂದು, ಕಣ್ಣೇ ಹೋಗುತ್ತದೆ ಎಂದು ಡಾಕ್ಟರು ನನ್ನನ್ನು ಬೇರೆಯಾಗಿ ಕರೆದು ಹೇಳಿದರು. ಕೈ ಹಾಕಿ ಕೀವಾದರೂ ಹೋಗುತ್ತದೆ. ಕಾಯುವುದಕ್ಕೂ ಭಯ, ಕೊಯ್ಯುವುದಕ್ಕೂ ಭಯ. ಶಿವಮೊಗ್ಗಕ್ಕೆ ಕಳಿಸುತ್ತೇನೆಂದರೆ ಅಜ್ಜಿ ಒಪ್ಪಲಿಲ್ಲ.

"ಅಲ್ಲಿ ಬಾಯಿ ಮುಚ್ಕಂಡು ಕೊಯ್ತಾರಂತೆ. ಇಲ್ಲಿ ಡಾಕ್ಟ್ರು ಕಥೆ ಹೇಳ್ತಾ ಹೇಳ್ತಾ ತೆಗೀತಾರಂತೆ. ನಾನು ಕಥೆ ಕೇಳ್ತಾನೇ ಕೊಯ್ಸ್ಕಳೋದು" ಎಂದು ಪಡಸಾಲೆಯ ಮೂಲೆಯಲ್ಲಿ ಗಂಟು ಬಿಚ್ಚಿ ಕೂತಳು.

ಅದು ನಿಜವೇ. ಪೊರೆ ತೆಗೆಯುವಾಗ ರೋಗಿಗೆ ಎಚ್ಚರ ಇರುತ್ತದೆ, ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿರುತ್ತಾರೆ. ಕತ್ತರಿ ಎದುರಿಗೇ ಬರುವಾಗ ಯಾರಿಗೆ ನಡುಕ ಬರುವುದಿಲ್ಲ? ಡಾಕ್ಟರು ಹತ್ತಿರ ಬಾಗಿ ಮೆಲ್ಲಗೆ ಮಾತು ತೆಗೆಯುತ್ತಿದ್ದರು. ಯಾವ ಊರು, ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಬೀಗರ ಮನೆಯಲ್ಲಿ ಒಬ್ಬಟ್ಟು ಹೇಗಿತ್ತು. ಮಾತಿನ ಹಿಂದೆ ಹೋದವರು ಕತ್ತರಿಯನ್ನು ಮರೆಯುತ್ತಿದ್ದರು.

ನಾನು ಮಾಡಬೇಕಾಗಿದ್ದ ಪರೀಕ್ಷೆ ಹೇಳಲಿಕ್ಕೆ ಸುಲಭ. ಪುಟ್ಟ ಗಾಜಿನ ತಟ್ಟೆಗಳಲ್ಲಿ, ಒಂದು ಅಂಟನ್ನು ಕಾಯಿಸಿ, ತುಸು ಆರಿದ ಮೇಲೆ ಕುರಿಯ ರಕ್ತ ಬೆರೆಸಿ, ಹುಯ್ದು ಹೆಪ್ಪುಗಟ್ಟಿಸಬೇಕು. ಕೋಣೆಯಲ್ಲಿ ಅಲ್ಲಲ್ಲಿ ಮುಚ್ಚಳ ತೆಗೆದು ಒಂದಿಷ್ಟು ಹೊತ್ತು ಇಡಬೇಕು. ಗಾಳಿಯಲ್ಲಿ ತೇಲುವ ಕ್ರಿಮಿ ಅದರ ಮೇಲೆ ಬೀಳುತ್ತದೆ. ಮುಚ್ಚಿ, ಬಲ್ಬು ಉರಿಯುವ ಮರದ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಟ್ಟರೆ ಮರುದಿನಕ್ಕೆ ಒಂದೊಂದು ಕ್ರಿಮಿಯೂ ಬೆಳೆದು ಚುಕ್ಕಿಯಾಗಿ ಕಣ್ಣಿಗೆ ಕಾಣುತ್ತದೆ. ಊರಾಚೆ ಬೀಡು ಬಿಟ್ಟಿದ್ದ ಕುರಿಗಾರನ ಹತ್ತಿರ ಹೋಗಿ, ಒಂದು ಕುರಿಯ ಕುತ್ತಿಗೆಗೆ ಸೂಜಿ ಚುಚ್ಚಿ ಸ್ವಲ್ಪ ರಕ್ತ ಸೀಸೆಗೆ ತೆಗೆದುಕೊಂಡೆ. ಕುರಿ ಒಮ್ಮೆ ತಲೆ ಕೊಡವಿ ಮತ್ತೆ ಮೇಯಲು ಹೋಯಿತು. ನಾನು ಸೀಸೆ ಹಿಡಿದು ಊರೊಳಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಬಂದಿತ್ತು.

ಮುರುಗೇಂದ್ರಪ್ಪನವರು ಬಾಗಿಲಲ್ಲೇ ತಡೆದರು. "ಏನ್ರೀ ಇದು? ನಮ್ಮವ್ವನ ಹೆಸರಿನ ಕೋಣೆಯಾಗೆ ಕುರಿ ರಕ್ತ?"

"ಕ್ರಿಮಿಗೆ ಊಟ ಸಾಹುಕಾರ್ರೇ. ಊಟ ಇಟ್ಟರೆ ತಾನೇ ಬೆಳೆಯೋದು?"

"ಸಾಯಿಸ್ರಿ ಅಂತ ಕರೆಸಿದ್ರೆ ನೀವು ಊಟಕ್ಕೆ ಇಕ್ತಾ ಇದೀರಲ್ರೀ! ಅದೂ ಮಾಂಸದ ಊಟ!"

ಡಾಕ್ಟರು ನಡುವೆ ಬಂದು ಸಮಾಧಾನ ಮಾಡಿದರು. ಸ್ವಲ್ಪ ಹೊತ್ತಿಗೆ ಸಾಹುಕಾರರ ಮುಖ ಅರಳಿತು. "ಓಹೋ, ಇಲಿ ಬೋನಿಗೆ ವಡೆ ಸಿಗಿಸಿದಂಗೆ! ಹಂಗಂತ ಮೊದ್ಲೇ ಹೇಳಬಾರ್ದಾ? ಕ್ರಿಮಿ ಎಲ್ಲ ಬಂದು ತಟ್ಟೆಗೆ ಬೀಳ್ತವೆ, ಕೋಣೆ ಶುದ್ಧ ಆಗ್ತೈತೆ. ಆಗ್ಲಿ, ಇನ್ನೂ ಜಾಸ್ತಿ ತಟ್ಟೆ ಇಡ್ರಿ."

"ಇದು ಬೋನಲ್ಲ ಸಾಹುಕಾರ್ರೇ. ಅಂಗಳದಾಗೆ ಹಪ್ಪಳ ಒಣಗಾಕಿದ್ರೆ ಎಷ್ಟು ದೂಳು ಬೀಳ್ತೈತೆ ಅಂತ ಗೊತ್ತಾಗ್ತೈತಲ್ಲ, ಹಂಗೆ. ಹಪ್ಪಳ ಹಾಕಿದ್ರೆ ದೂಳು ಕಡಿಮೆ ಆಗಲ್ಲ" ಎಂದೆ ನಾನು.

"ಮತ್ತೆ ಪರೀಕ್ಷೆ ಯಾಕೆ ಮಾಡೋದು? ಪರೀಕ್ಷೆ ಮಾಡಿದ ಮೇಲೆ ಶುದ್ಧ ಆಗಬೇಕಪ್ಪ!"

ಅವರೊಬ್ಬರಲ್ಲ, ಆ ಚಳಿಗಾಲದಲ್ಲಿ ನನ್ನನ್ನು ಕಂಡವರೆಲ್ಲ ಇದನ್ನೇ ಕೇಳಿದರು. ತಟ್ಟೆ ಇಟ್ಟಾಯ್ತಲ್ಲ, ಇನ್ನೂ ಯಾಕೆ ಕೊಯ್ಯುತ್ತಿಲ್ಲ? ಫಿನಾಯಿಲ್ ವಾಸನೆ ಬರುತ್ತಿದೆಯಲ್ಲ, ಇನ್ನೇನು? ಸುಣ್ಣ ಬಳಿದು ಬೆಳ್ಳಗಿದೆಯಲ್ಲ? ನಾನು ಒಬ್ಬೊಬ್ಬರಿಗೂ ಹೇಳುತ್ತ ಹೋದೆ. ಹೇಳುತ್ತ ಹೇಳುತ್ತ ನನಗೇ ಗೊಂದಲವಾಗುತ್ತಿತ್ತು.

ಕೋಣೆಯೊಳಗೆ ಸಾಹುಕಾರರ ತಾಯಿಯ ದೊಡ್ಡ ಫೋಟೋ ಇತ್ತು. ಅದಕ್ಕೆ ದಿನವೂ ಹೂವಿನ ಹಾರ, ಎರಡು ಊದುಬತ್ತಿ. ಅದನ್ನು ಹೊರಗೆ ಇಡಿಸಿ, ಕೆಲಸದವರ ಹೊರತು ಯಾರೂ ಒಳಗೆ ಬರುವುದು ಬೇಡ ಎಂದು ಡಾಕ್ಟರು ಹೇಳಿದಾಗ ಅವರು ಎರಡು ದಿನ ಆಸ್ಪತ್ರೆ ಕಡೆ ಬರಲಿಲ್ಲ. ಮೂರನೇ ದಿನ ಬಂದು, "ನಾನು ಒಳಗೆ ಬರಬಾರ್ದು ಅಂದ್ರಂತೆ. ಸ್ನಾನ ಮಾಡೀನಿ, ಪೂಜೆ ಮುಗಿಸೀನಿ, ಚಪ್ಪಲಿ ಹೊರಗೆ ಬಿಟ್ಟೀನಿ. ನಾನೇನು ಮೈಲಿಗೆನಾ?" ಎಂದರು. ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಮಡಿ ಬೇರೆ, ಕ್ರಿಮಿ ಇಲ್ಲದಿರುವುದು ಬೇರೆ. ತೊಳೆದ ಬರಿಗಾಲೂ ದಾರಿಯ ದೂಳನ್ನು ಒಳಗೆ ತರುತ್ತದೆ ಎಂದು ಅಷ್ಟು ದೊಡ್ಡವರಿಗೆ ಹೇಗೆ ಹೇಳುವುದು? ಡಾಕ್ಟರು ಹೇಳಿದರು: "ಸಾಹುಕಾರ್ರೇ, ನಾನೂ ಒಳಗೆ ಹೋಗಬೇಕಾದ್ರೆ ಬಟ್ಟೆ ಬದಲಾಯಿಸ್ತೀನಿ. ಮನುಷ್ಯ ಅಂದ್ಮೇಲೆ ಎಲ್ಲಾರ ಮೈಯಾಗೂ ಇರ್ತವೆ. ನಿಮ್ಮನ್ನ ಒಬ್ರನ್ನೇ ಅಂದಿದ್ದಲ್ಲ."

ಮೊದಲ ಸಲ ತಟ್ಟೆ ಇಟ್ಟದ್ದು ಆ ಹೊಗೆ ಹಾಕಿ, ಕೋಣೆ ತೆರೆದು, ವಾಸನೆಯೆಲ್ಲ ಹೋದ ಮೇಲೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಮೇಜಿನ ಮೇಲೆ ಒಂದು. ಬಾಗಿಲು ಎಳೆದುಕೊಂಡು ಹೊರಗೆ ಕೂತು, ಆಮೇಲೆ ಹೋಗಿ ಅವಸರದಲ್ಲಿ, ಒಳಗೆ ನೋಡದೆಯೇ ಮುಚ್ಚಿ ತಂದೆ. ಮರುದಿನ ಪೆಟ್ಟಿಗೆ ತೆರೆದು ನೋಡಿದೆ. ಮೂಲೆಯ ತಟ್ಟೆಗಳಲ್ಲೆಲ್ಲ ಹಳದಿ.

ನಾವು ಹೆದರುತ್ತಿದ್ದದ್ದು ಹಳದಿಗೇ. ಕೀವು ಮಾಡುವ ಕ್ರಿಮಿಗಳಲ್ಲೆಲ್ಲ ಕೆಟ್ಟದ್ದು ಒಂದಿದೆ. ಅದರ ಉದ್ದನೆಯ ಹೆಸರು ಪುಸ್ತಕದಲ್ಲಿತ್ತು, ನಾವು ಹಳದಿ ಕ್ರಿಮಿ ಎನ್ನುತ್ತಿದ್ದೆವು. ಬೆಳೆದಾಗ ಹೊನ್ನಿನ ಬಣ್ಣದ ಗುಂಡು ಚುಕ್ಕಿಯಾಗುತ್ತದೆ. ಡಾಕ್ಟರು ಒಮ್ಮೆ ನೋಡಿ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. ನಾನು ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ನೋಡಿದೆ. ಏನೋ ಸರಿಯಿಲ್ಲ. ಗುಂಡಗಿರಬೇಕಾದದ್ದು ಉದ್ದಕ್ಕಿದೆ. ಎರಡೂ ತುದಿ ಚೂಪಾಗಿದೆ. ಸೂಜಿಯಿಂದ ಕೆದಕಿದೆ. ಇಡಿಯಾಗಿ ಎದ್ದು ಬಂತು. ಅಕ್ಕಿ ಕಾಳು.

"ದುರುಗಮ್ಮಾ!"

ಬಂದಳು. ಮುಚ್ಚುಮರೆ ಮಾಡಲಿಲ್ಲ. "ಹೂಂ, ನಾನೇ ಹಾಕಿದ್ದು. ಅಕ್ಷತೆ. ನೀವು ಬಾಗಿಲು ಎಳ್ಕಂಡು ಈ ಕಡೆ ಕೂತ್ರಿ, ನಾನು ಹಿಂದ್ಲ ಬಾಗಿಲಿಂದ ಹೋಗಿ ಹಾಕಿ ಬಂದೆ."

"ಯಾಕಮ್ಮಾ?"

"ನಾಕು ಮೂಲೆಗೆ ನಾಕು, ನಡುವೆ ಒಂದು, ರಕ್ತದ ತಟ್ಟೆ. ಶಾಂತಿ ಮಾಡಿಸ್ತಾ ಅದೀರಿ ಅಂದ್ಕಂಡೆ. ರಕ್ತ ಇಟ್ಟು ಅಕ್ಷತೆ ಹಾಕದಿದ್ರೆ ಅವ್ವ ಮುನಿಸ್ಕಳಲ್ವಾ?"

"ಯಾವ ಅವ್ವ?"

"ನೀವು ಯಾವ ಅವ್ವಂಗೆ ಇಟ್ಟೀರೋ ಆ ಅವ್ವ! ನಂಗೇನು ಗೊತ್ತು? ನೀವು ಓದಿದೋರು, ನಾಚ್ಕಂಡು ಹೇಳ್ದಂಗೆ ಇಟ್ಟೀರಿ ಅಂತ ನಾನೇ ತಿಳ್ಕಂಡೆ." ಆಮೇಲೆ ದನಿ ತಗ್ಗಿಸಿ, "ಆ ಮುದುಕಿಗೆ ಒಂದೇ ಕಣ್ಣು ಐತೆ ಕಣಣ್ಣ" ಎಂದಳು.

ಡಾಕ್ಟರು ಬಿದ್ದು ಬಿದ್ದು ನಕ್ಕರು. ಎಷ್ಟೋ ದಿನದ ಮೇಲೆ ಅವರು ನಕ್ಕಿದ್ದು. ನನಗೆ ನಗು ಬರಲಿಲ್ಲ. ಹಳದಿ ಅಕ್ಷತೆಯದು ಎಂದಾಯಿತು. ಹಾಗಾದರೆ ಆ ಎರಡು ಕಣ್ಣಿನ ಕೀವು ಎಲ್ಲಿಯದು?

ಮತ್ತೆ ತಟ್ಟೆ ಮಾಡಿ, ಈ ಸಲ ಹಿಂದಿನ ಬಾಗಿಲಿಗೂ ಬೀಗ ಹಾಕಿ, ಇಟ್ಟೆ. ಮರುದಿನ ಐದೂ ತಟ್ಟೆ ಹೆಚ್ಚು ಕಡಿಮೆ ಕನ್ನಡಿಯ ಹಾಗೆ. ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕಿ, ಹಳದಿ ಇಲ್ಲವೇ ಇಲ್ಲ. ಸಾಹುಕಾರರು ಆಗಲೇ ಪೇಡ ತರಿಸಿದರು. "ಕೋಣೆ ಪಾಸಾಯ್ತು! ಅಜ್ಜೀ, ನಾಳೆ ನಿಂಗೆ ಆಪರೇಷನ್" ಎಂದು ತಾವೇ ಹೋಗಿ ಹೇಳಿಬಿಟ್ಟರು. ಅಜ್ಜಿ ಪೇಡ ಮೂಸಿ ನೋಡಿ, "ಸಕ್ರೆ ಕಡಿಮೆ ಹಾಕವ್ನೆ" ಎಂದು ತಿಂದಳು.

ಡಾಕ್ಟರಿಗೂ ಆಸೆ. "ಮುಗೀತಲ್ಲ ರುದ್ರೇಶ?" ಎಂದು ನನ್ನ ಮುಖ ನೋಡಿದರು. ಹೌದು ಎನ್ನಲು ಬಾಯಿ ತೆರೆದವನು ಅಲ್ಲೇ ನಿಂತೆ. ನನ್ನ ತಾತನ ಮಾತೊಂದು ನೆನಪಾಯಿತು. ಹೊಸ ಅಳಿಯನನ್ನು ಯಾರಾದರೂ ತುಂಬ ಸಾಧು ಎಂದು ಹೊಗಳಿದರೆ, 'ಒಬ್ಬನೇ ಕೂತಾಗ ಎಲ್ಲರೂ ಸಾಧುಗಳೇ, ನಾಲ್ಕು ಜನರ ನಡುವೆ ಬಿಟ್ಟು ನೋಡಿ' ಎನ್ನುತ್ತಿದ್ದ. ಕೋಣೆ ಒಬ್ಬಂಟಿಯಾಗಿದ್ದಾಗ ಸಾಧು. ಅದು ಖಾಲಿಯಾಗಿರುವಾಗ ನಾವು ಯಾರ ಕಣ್ಣು ಕೊಯ್ಯುತ್ತೇವೆ?

ಹಾಗಂತ ಹೇಳಿದೆ. ಸಾಹುಕಾರರಿಗೆ ರೇಗಿತು. "ಖಾಲಿ ಇದ್ದಾಗ ಶುದ್ಧ ಇದ್ರೆ ಜನ ಬಂದಾಗ ಯಾಕಪ್ಪ ಕೆಡ್ತೈತೆ? ಬರೋರು ಸ್ನಾನ ಮಾಡಿ ಬರ್ತಾರೆ!" ಡಾಕ್ಟರು ಮಾತ್ರ ಕೈಯಲ್ಲಿದ್ದ ಪೇಡ ಕೆಳಗಿಟ್ಟು, "ಸರಿ, ಸುಳ್ಳು ಆಪರೇಷನ್ ಒಂದು ಮಾಡೋಣ" ಎಂದರು.

ಹಾಲಮ್ಮಜ್ಜಿಯನ್ನೇ ಮೇಜಿನ ಮೇಲೆ ಮಲಗಿಸಿದೆವು. ಮುಖದ ಮೇಲೆ ಕ್ರಿಮಿ ಸಾಯಲೆಂದು ಬೇಯಿಸಿದ ಬಟ್ಟೆ, ತಲೆ ಅಲುಗದಂತೆ ಎರಡೂ ಕಡೆ ಮರಳಿನ ಚೀಲ. ತಲೆಯ ಪಕ್ಕದಲ್ಲಿ ಒಂದು ತಟ್ಟೆ, ಮೂಲೆಗಳಲ್ಲಿ ಉಳಿದವು. ದುರುಗಮ್ಮ ಸಾಮಾನು ಎತ್ತಿ ಕೊಡುವುದು, ಡಾಕ್ಟರು ಬಾಗುವುದು, ಎಲ್ಲ ನಿಜದ ಹಾಗೆಯೇ. ಕತ್ತರಿ ಮಾತ್ರ ಕಣ್ಣಿಗೆ ತಾಗಲಿಲ್ಲ. ಡಾಕ್ಟರ ಮುಖಬಟ್ಟೆ ಒಂದೇ ಪದರದ ತೆಳು ಮಲ್ ಬಟ್ಟೆಯದು. ಅದೂ ಮೂಗಿನ ಕೆಳಗೆ ಇಳಿದಿತ್ತು. ಮೂಗು ಮುಚ್ಚಿದರೆ ಕನ್ನಡಕದ ಮೇಲೆ ಉಸಿರಿನ ಆವಿ ಕೂತು ಮಂಜಾಗುತ್ತದೆ ಎಂದು ಅವರು ಹಾಗೆ ಕಟ್ಟಿಕೊಳ್ಳುತ್ತಿದ್ದರು. ಅಭ್ಯಾಸದಂತೆ ಕಥೆಯನ್ನೂ ಹೇಳಿದರು, ಕತ್ತಲಗೆರೆಯ ಒಬ್ಬ ಮದುಮಗ ಮಳೆಯಲ್ಲಿ ದಾರಿ ತಪ್ಪಿ ಬೇರೆಯವರ ಚಪ್ಪರ ಹೊಕ್ಕ ಕಥೆ.

ಎಬ್ಬಿಸಿ ಕೂರಿಸಿದಾಗ ಅಜ್ಜಿ ಕಣ್ಣು ಮುಟ್ಟಿಕೊಂಡು ನೋಡಿದಳು. "ಆಯ್ತೇನಪ್ಪ?"

"ಇಲ್ಲಜ್ಜಿ, ಇದು ತಾಲೀಮು."

"ಎಲ್ಲಾ ಮಾಡಿ ಕಣ್ಣೊಂದು ಬಿಟ್ರಾ? ಮದುವೆ ಎಲ್ಲಾ ಮಾಡಿ ತಾಳಿ ಮರೆತಂಗಾಯ್ತು."

ಮರುದಿನ ಮೂಲೆಯ ತಟ್ಟೆಗಳು ತಕ್ಕಮಟ್ಟಿಗೆ ಚೆನ್ನಾಗಿದ್ದವು. ತಲೆಯ ಪಕ್ಕದ ತಟ್ಟೆಯಲ್ಲಿ ಮಾತ್ರ ಹೊನ್ನಿನ ಬಣ್ಣದ ಚುಕ್ಕಿಗಳು. ಗುಂಡಗೆ. ಸುತ್ತಲಿನ ರಕ್ತವನ್ನು ತಿಂದು ತಿಳಿಯಾಗಿಸಿದ್ದವು. ಈ ಸಲ ಸೂಜಿಯಿಂದ ಕೆದಕಿದರೆ ಕಾಳು ಏಳಲಿಲ್ಲ.

ನೆಲ, ಗೋಡೆ, ಗಾಳಿ ಯಾವುದೂ ಅಲ್ಲ, ಯಾರೋ ಮನುಷ್ಯರೇ ಎಂದು ತಲೆಗೆ ಹೊಳೆಯುವುದಕ್ಕೆ ನನಗೆ ಇಡೀ ಒಂದು ಮಧ್ಯಾಹ್ನ ಬೇಕಾಯಿತು. ಒಬ್ಬೊಬ್ಬರ ಮುಖದ ಮುಂದೆ ಒಂದೊಂದು ತಟ್ಟೆ ಹಿಡಿದು, ಜೋರಾಗಿ ಮಾತಾಡಿ, ಕೆಮ್ಮಿ, ಮೂಗಿನಿಂದ ಉಸಿರು ಬಿಡಿ ಎಂದೆ. ದುರುಗಮ್ಮ ಬೈಗುಳ ಹೇಳಲೇ ಎಂದಳು, ಹೇಳಿದಳು. ಅಜ್ಜಿಯೂ ಮಾತಾಡಿದಳು, ನಾನೂ ಮಾತಾಡಿದೆ. ಸಾಹುಕಾರರಂತೂ ಕರೆಯದಿದ್ದರೂ ಬಂದು, "ಮೂರು ಹೊತ್ತು ಶಿವನ ಹೆಸರು ಹೇಳೋ ಬಾಯಿ ಇದು. ಇಟ್ಟು ನೋಡ್ರಿ, ಏನೂ ಬೆಳಿಯಾಕಿಲ್ಲ" ಎಂದು ತಟ್ಟೆಯ ಮೇಲೆ ಒಂದು ಇಡೀ ವಚನ ಹೇಳಿದರು. ಕೊನೆಗೆ ಡಾಕ್ಟರು.

ಪೆಟ್ಟಿಗೆ ತೆರೆದಾಗ ಎಲ್ಲರ ತಟ್ಟೆಯಲ್ಲೂ ಬೆಳೆದಿತ್ತು. ಬೂದು ಚುಕ್ಕಿ, ಹಸಿರು ಛಾಯೆಯ ಚುಕ್ಕಿ, ಮನುಷ್ಯರ ಬಾಯಲ್ಲಿ ಯಾವಾಗಲೂ ಇರುವಂಥವು. ಸಾಹುಕಾರರು ತಮ್ಮ ತಟ್ಟೆ ನೋಡಿ ಪೆಚ್ಚಾದರು. "ಇಷ್ಟೊಂದಾ? ಹಸಿರು ಹಸಿರಾಗೈತಲ್ಲ?"

"ಎಲ್ಲಾರ್ದೂ ಹಂಗೇ ಸಾಹುಕಾರ್ರೇ. ಹೊಲಸಲ್ಲ, ಬಾಯಿ ಇರೋದೇ ಹಿಂಗೆ."

"ಹಸಿರು ಅಂದ್ರೆ ಶುಭನೇ ಬಿಡು" ಎಂದು ತಮಗೆ ತಾವೇ ಹೇಳಿಕೊಂಡರು.

ಹಳದಿ ಒಂದೇ ತಟ್ಟೆಯಲ್ಲಿತ್ತು. ಅದರ ಮೇಲಿನ ಹೆಸರು ನಾನು ಓದಿ ಹೇಳಬೇಕಾಗಲಿಲ್ಲ. ಡಾಕ್ಟರೇ ತಟ್ಟೆ ಎತ್ತಿ ಬೆಳಕಿಗೆ ಹಿಡಿದರು. ಅವರಿಗೆ ನೆಗಡಿ ಇಲ್ಲ, ಕಾಯಿಲೆ ಇಲ್ಲ. ಎಷ್ಟೋ ಆರೋಗ್ಯವಂತರ ಮೂಗಿನಲ್ಲಿ ಆ ಕ್ರಿಮಿ ಸುಮ್ಮನೆ ಮನೆ ಮಾಡಿಕೊಂಡಿರುತ್ತದೆ, ಅವರಿಗೆ ಏನೂ ಮಾಡುವುದಿಲ್ಲ. ನನಗೆ ಅದು ಪುಸ್ತಕದಿಂದ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಇಬ್ಬರೂ ಇಷ್ಟು ದಿನ ನೆಲ ತೊಳೆಸುತ್ತ, ಹೊಗೆ ಹಾಕುತ್ತ ಕೂತಿದ್ದೆವು.

"ಹಂಗಾದ್ರೆ ಆ ಎರಡು ಕಣ್ಣು..." ಎಂದರು.

"ಗೊತ್ತಿಲ್ಲ ಸಾರ್. ಆ ಕೀವನ್ನ ಆಗ ಯಾರೂ ತಟ್ಟೆಗೆ ಹಾಕಿ ನೋಡಿಲ್ಲ. ಈ ಕ್ರಿಮಿನೇ ಅಂತ ಹೇಳಾಕೆ ಬರಲ್ಲ. ಅಲ್ಲ ಅಂತಲೂ ಹೇಳಾಕೆ ಬರಲ್ಲ."

ಅವರು ತಲೆಯಾಡಿಸಿದರು. ಅವತ್ತು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಲಿಲ್ಲ.

ಆಮೇಲೆ ನಾವು ಎಲ್ಲವನ್ನೂ ಒಟ್ಟಿಗೇ ಮಾಡಿದೆವು. ಡಾಕ್ಟರು ಮೂಗಿಗೆ ಮುಲಾಮು ಹಚ್ಚಿಕೊಳ್ಳಲು ಶುರುಮಾಡಿದರು. ದುರುಗಮ್ಮ ದಪ್ಪ ಬಟ್ಟೆಯ ಹಲವು ಪದರದ ಮುಖಬಟ್ಟೆ ಹೊಲಿದಳು. ಮೇಲಿನ ಅಂಚನ್ನು ಮೂಗಿನ ಮೇಲೆ ಅಂಟುಪಟ್ಟಿಯಿಂದ ಅಂಟಿಸಿದರೆ ಕನ್ನಡಕಕ್ಕೆ ಆವಿ ಏರುವುದಿಲ್ಲ ಎಂಬುದನ್ನೂ ಹತ್ತಾರು ಸಲ ಮಾಡಿ ನೋಡಿ ಕಂಡುಕೊಂಡೆವು. ಹಿಂದಿನ ಬಾಗಿಲು ಮುಚ್ಚಿಸಿದೆವು. ಮತ್ತು ಒಳಗೆ ಮಾತು ಬಂದ್. ಅದೇ ಕಷ್ಟದ್ದು. ಹೀಗೆ ಮಾಡಿ ಮತ್ತೊಂದು ತಾಲೀಮು ಇಟ್ಟರೆ ತಲೆಯ ಪಕ್ಕದ ತಟ್ಟೆ ಚೊಕ್ಕ. ಅಷ್ಟೊತ್ತಿಗೆ ಶಿವರಾತ್ರಿ ಹತ್ತಿರ ಬಂದಿತ್ತು, ಹಾಲಮ್ಮಜ್ಜಿಗೆ ಕಣ್ಣಿನಲ್ಲಿ ಸಣ್ಣಗೆ ನೋವು ಶುರುವಾಗಿತ್ತು. ಇನ್ನು ತಡ ಮಾಡುವಂತಿಲ್ಲ ಎಂದರು ಡಾಕ್ಟರು.

ಅಜ್ಜಿಯೇ ಅಡ್ಡ ನಿಂತಳು. "ಮಾತಾಡ್ದೇ ಇರೋ ಡಾಕ್ಟ್ರಿಗೆ ನಾನು ಕಣ್ಣು ಕೊಡಾಕಿಲ್ಲ. ಬಟ್ಟೆ ಮುಚ್ಚಿ ಕತ್ಲೆ ಮಾಡ್ತೀರಿ, ಮಾತೂ ಇಲ್ಲ ಅಂದ್ರೆ ಮನುಷ್ಯ ಅದಾನೋ ಯಮ ಅದಾನೋ ನಂಗೆ ಹೆಂಗೆ ತಿಳೀತೈತೆ?"

"ಅಜ್ಜಿ, ನನ್ನ ಮಾತಿನಾಗೇ ಕ್ರಿಮಿ ಐತೆ" ಎಂದರು ಡಾಕ್ಟರು.

"ಮಾತಿನಾಗೆ ಕ್ರಿಮಿ ಇರಾಕೆ ನೀನೇನು ನನ್ ಸೊಸೆನಾ?"

ಎಲ್ಲರೂ ನಕ್ಕರೂ ಅವಳ ಕೈ ನಡುಗುತ್ತಿದ್ದುದನ್ನು ನಾನು ನೋಡಿದೆ. ನಡುಗುವವರ ತಲೆ ಅಲುಗುತ್ತದೆ. ಅಲುಗಿದರೆ ಆಪರೇಷನ್ ಇಲ್ಲ.

ಆ ಕೋಣೆಗೆ ಒಂದು ಗಾಜಿನ ಕಿಟಕಿ ಇತ್ತು. ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಡಾಕ್ಟರು ಕಿಟಕಿಯನ್ನೂ ಸಾಹುಕಾರರನ್ನೂ ಒಮ್ಮೆ ನೋಡಿದರು. "ಸಾಹುಕಾರ್ರೇ, ನಿಮ್ಮ ದನಿ ಸಂತೇಲಿ ಈ ತುದಿಯಿಂದ ಆ ತುದಿಗೆ ಕೇಳ್ತೈತಲ್ಲ. ಗಾಜಿನ ಆಚೆಯಿಂದ ಕೇಳಾಕಿಲ್ವಾ?"

ಮರುದಿನ ಮುರುಗೇಂದ್ರಪ್ಪನವರು ಕಿಟಕಿಯ ಹೊರಗೆ, ಮುಳ್ಳುಬೇಲಿಯ ಪಕ್ಕ, ಚಳಿಗೆ ಕಂಬಳಿ ಹೊದ್ದು ಕುರ್ಚಿ ಹಾಕಿಕೊಂಡು ಕೂತರು. ಒಳಗೆ ಯಾರೂ ತುಟಿ ಬಿಚ್ಚಲಿಲ್ಲ. ನಾನು ಬಾಗಿಲ ಬಳಿ ನಿಂತಿದ್ದೆ. ಡಾಕ್ಟರು ತಲೆಯಾಡಿಸಿದರು. ಸಾಹುಕಾರರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

"ಹಾಲಮ್ಮಾ, ನಿನ್ನ ಗಂಡ ನಮ್ಮಪ್ಪಂಗೆ ಒಂದು ಎತ್ತು ಮಾರಿದ್ದ, ನೆನಪೈತಾ? ಕೋಡು ಬಾಗಿದ ಎತ್ತು. ಎಂಥ ಎತ್ತು ಅಂತೀಯ! ನೇಗಿಲು ಕಂಡ್ರೆ ಮಲಗೋದು. ನೊಗ ಕಂಡ್ರೆ ಕಣ್ಣು ಮುಚ್ಚೋದು. ಹುಲ್ಲು ಕಂಡ್ರೆ ಮಾತ್ರ ಬಸವಣ್ಣ ಬಂದಂಗೆ ಎದ್ದು ನಿಲ್ಲೋದು..."

ಬಟ್ಟೆಯ ಕೆಳಗೆ ಅಜ್ಜಿಯ ಬೆರಳುಗಳು ಸೆರಗನ್ನು ಹಿಡಿದು ಬಿಗಿಯಾದವು. ಮಾತಾಡಬಾರದು, ಅಲುಗಬಾರದು ಎಂದು ಹೇಳಿದ್ದೆವು. ಸಾಹುಕಾರರು ಎತ್ತನ್ನು ಬಿಡಲಿಲ್ಲ. ಅದು ಕಣ್ಣಿ ಕಿತ್ತುಕೊಂಡು ಗೋವಿನಕೋವಿಗೆ ಓಡಿಹೋದದ್ದು, ಅಟ್ಟಿಕೊಂಡು ಹೋದ ಆಳು ಅಲ್ಲೇ ಉಂಡು ಬಂದದ್ದು, ಅದರ ಗೊರಸು, ಅದರ ಬಾಲ. ಕಣ್ಣಿನ ಪೊರೆ ಹೊರಬಂದು ಡಾಕ್ಟರು ಹೊಲಿಗೆ ಹಾಕುವ ಹೊತ್ತಿಗೆ ಎತ್ತು ಊರ ಕೆರೆಯಲ್ಲಿ ಈಜು ಕಲಿಯುತ್ತಿತ್ತು. ಅಜ್ಜಿಯ ಬೆರಳು ಬಿಗಿಯಾಗಿಯೇ ಇದ್ದವು. ನಡುಕ ಮಾತ್ರ ಎಲ್ಲೂ ಇರಲಿಲ್ಲ.

ಪಟ್ಟಿ ಕಟ್ಟಿ ಹೊರಗೆ ತಂದ ಕ್ಷಣವೇ ಬಾಯಿ ತೆರೆದಳು. "ಮಲಗ್ತಿದ್ದದ್ದು ನಮ್ಮ ಎತ್ತಲ್ಲ ಕಣೋ ಮುರುಗಣ್ಣಾ, ನಿಮ್ಮ ಆಳು! ನಿಮ್ಮಪ್ಪ ಅದಕ್ಕೆ ಹೊಟ್ಟೆತುಂಬ ಹಿಂಡಿ ಹಾಕಿದ್ರೆ ಅದ್ಯಾಕೆ ನಮ್ಮನಿಗೆ ಓಡಿ ಬರ್ತಿತ್ತು?"

"ಅಜ್ಜೀ, ಮಾತಾಡಬ್ಯಾಡ, ಹೊಲಿಗೆ ಬಿಟ್ಟೋಗ್ತೈತೆ!" ಎಂದು ದುರುಗಮ್ಮ ಕೂಗಿದಳು.

ಪಟ್ಟಿ ಬಿಚ್ಚುವ ದಿನದ ತನಕ ನಮಗೆ ಯಾರಿಗೂ ಅನ್ನ ರುಚಿಸಲಿಲ್ಲ. ಡಾಕ್ಟರು ಕಿಟಕಿಗೆ ಪರದೆ ಎಳೆದು, ಮೆಲ್ಲಗೆ ಹತ್ತಿ ತೆಗೆದು, ಟಾರ್ಚು ಬಿಟ್ಟರು. ಕೀವಿಲ್ಲ. ಕೆಂಪಿಲ್ಲ. ಅಜ್ಜಿಯ ಮುಂದೆ ದಪ್ಪ ಗಾಜು ಹಿಡಿದರು. ಅವಳು ಬಹಳ ಹೊತ್ತು ಅವರ ಮುಖವನ್ನೇ ನೋಡಿದಳು.

"ಡಾಕ್ಟ್ರು ನೀನೇನಾ?"

"ಹೂಂ ಅಜ್ಜಿ."

"ಇಷ್ಟು ಸಣ್ಣೋನಾ! ದನಿ ಕೇಳಿ ಗರಡಿ ಮನುಷ್ಯ ಅಂದ್ಕಂಡಿದ್ದೆ."

ಆ ಸುಗ್ಗಿಯಲ್ಲಿ ಆಮೇಲೆ ಬಂದ ಕೆಲವರಿಗೂ ಆಪರೇಷನ್ ಆಯಿತು, ಯಾರಿಗೂ ಕೀವಾಗಲಿಲ್ಲ. ಯಾವುದರಿಂದ ಉಳಿದೆವು ಎಂದು ಮಾತ್ರ ಇವತ್ತಿಗೂ ನನಗೆ ಗೊತ್ತಿಲ್ಲ. ಮುಲಾಮೋ, ದಪ್ಪ ಬಟ್ಟೆಯೋ, ಮುಚ್ಚಿದ ಬಾಗಿಲೋ, ಮೌನವೋ. ಎಲ್ಲ ಒಟ್ಟಿಗೆ ಮಾಡಿದ್ದರಿಂದ ಯಾವುದಕ್ಕೆ ಕೈ ಮುಗಿಯಬೇಕೆಂದು ತಿಳಿಯಲಿಲ್ಲ. ದುರುಗಮ್ಮನನ್ನು ಕೇಳಿದ್ದರೆ ಅಕ್ಷತೆ ಎನ್ನುತ್ತಿದ್ದಳು, ಸಾಹುಕಾರರನ್ನು ಕೇಳಿದ್ದರೆ ಎತ್ತು ಎನ್ನುತ್ತಿದ್ದರು. ನಾನು ಆಮೇಲೆ ಜಗಳೂರಿನಲ್ಲೂ ಬೇರೆ ಊರುಗಳಲ್ಲೂ ಲ್ಯಾಬಿನ ಕೆಲಸ ಮಾಡಿದೆ. ಹೋದಲ್ಲೆಲ್ಲ ಜನ ನನ್ನ ತಟ್ಟೆ ನೋಡಿ, ಕೋಣೆ ಪಾಸೋ ಫೇಲೋ ಎಂದು ಒಂದೇ ಮಾತಿನಲ್ಲಿ ಹೇಳಿ ಎನ್ನುತ್ತಿದ್ದರು. ಆ ಒಂದು ಮಾತು ನನ್ನ ಬಾಯಿಂದ ಸಲೀಸಾಗಿ ಯಾವತ್ತೂ ಬರಲಿಲ್ಲ.

ಹೋಳಿ ಹುಣ್ಣಿಮೆಯ ದಿನ ಹಾಲಮ್ಮಜ್ಜಿ ದಪ್ಪ ಕನ್ನಡಕ ಹಾಕಿಕೊಂಡು, ಡಾಕ್ಟರಿಗೆಂದು ಒಂದು ಗಂಟು ಅವರೆಕಾಳು ಕಟ್ಟಿಕೊಂಡು ಆಸ್ಪತ್ರೆಗೆ ಬಂದಳು. ಡಾಕ್ಟರು ಕೆಲಸ ಮುಗಿಸಿ ಬರುವ ತನಕ ಕಾದಳು. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಿಗೆ ತೊಡಗಿದರು. ಮಾತು ಮುಗಿಯುವಷ್ಟರಲ್ಲಿ ಗೋವಿನಕೋವಿ ಕಡೆಯ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಗಾಡಿ ಮಾಡಿಸಿ ಕೊಡುತ್ತೇನೆ ಇರಜ್ಜಿ ಎಂದರು ಡಾಕ್ಟರು.

"ಗಾಡಿ ಯಾಕೆ? ದಾರಿ ಕಾಣ್ತೈತಲ್ಲ" ಎಂದು ಅಜ್ಜಿ ಸೆರಗು ಸಿಕ್ಕಿಸಿಕೊಂಡು ನಡೆದು ಹೋದಳು.